ಲೈಟು ಆರಿಸಿದರೆ ಸಾಕಾ? ಆಸ್ಪತ್ರೆ, ಕೇರ್ ಹೋಮ್‌ಗಳ ಕಾರ್ಬನ್ ಇಳಿಸಲು ಸಂಶೋಧನೆ ಯಾಕೆ ಬೇಕು

ಪ್ರಶ್ನೆ: ನಾನು ಹಾಸನದ ಕಡೆಯವಳು. ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ ಸೀನಿಯರ್ ಕೇರರ್ ಆಗಿದ್ದೇನೆ. ಕಾರ್ಬನ್ ಕಡಿಮೆ ಮಾಡುವ ಒಂದು ಸಂಶೋಧನೆಗೆ ನಮ್ಮ ಹೋಮ್ ಸೇರಬಹುದು ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಇಷ್ಟು ದಿನ ನಮಗೆ ಹೇಳಿದ್ದು ಲೈಟು ಆರಿಸಿ, ಹೀಟಿಂಗ್ ತಗ್ಗಿಸಿ, ಕಸವನ್ನು ಸರಿಯಾದ ಚೀಲಕ್ಕೆ ಹಾಕಿ, ಅಷ್ಟೇ. ಇದಕ್ಕೆಲ್ಲ ಸಂಶೋಧನೆ ಯಾಕೆ ಬೇಕು? ಕೊನೆಗೆ ವಯಸ್ಸಾದವರ ಆರೈಕೆಗೇ ಕತ್ತರಿ ಹಾಕಲು ಇದೊಂದು ನೆಪ ಆಗಿಬಿಡಲ್ವಾ? ನನ್ನ ತಮ್ಮ ಊರಿನಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡುತ್ತಾನೆ. ಅವನಿಗೂ ಇದರಲ್ಲಿ ತಿಳಿಯುವುದು ಏನಾದರೂ ಇದೆಯಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ದೊಡ್ಡದು. ನೆಪ ಆಗಬಹುದು. ಆಗದಂತೆ ತಡೆಯುವ ದಾರಿ ಸಂಶೋಧನೆ ಒಂದೇ. ಆಫೀಸಿನಲ್ಲಿ ಕೂತು ಯಾರೋ ‘ಇನ್ನು ಮೇಲೆ ಇದನ್ನು ಬಳಸಬೇಡಿ’ ಅಂತ ಇಮೇಲ್ ಕಳಿಸಿದರೆ ಅಜ್ಜ ಅಜ್ಜಿಯರಿಗೆ ಏನಾಯಿತು ಅಂತ ಯಾರೂ ನೋಡುವುದಿಲ್ಲ. ಸರಿಯಾಗಿ ಮಾಡಿದ ಅಧ್ಯಯನದಲ್ಲಿ ಅದನ್ನು ನೋಡಲೇಬೇಕು. ಕಾರ್ಬನ್ ಎಷ್ಟು ಇಳಿಯಿತು ಅನ್ನುವುದರ ಪಕ್ಕದಲ್ಲೇ, ಎಷ್ಟು ಜನ ಬಿದ್ದರು, ಎಷ್ಟು ಜನಕ್ಕೆ ಸೋಂಕಾಯಿತು, ಎಷ್ಟು ಜನ ಆಸ್ಪತ್ರೆ ಸೇರಿದರು ಅಂತಲೂ ಬರೆದಿರಬೇಕು.

ಇನ್ನು ಲೈಟಿನ ವಿಷಯ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ, ಎನ್‌ಎಚ್‌ಎಸ್, ತನ್ನ ಕಾರ್ಬನ್ ಲೆಕ್ಕವನ್ನು ಬಹಳ ವರ್ಷಗಳಿಂದ ಇಟ್ಟಿದೆ. ಇಲ್ಲಿ ಕಾರ್ಬನ್ ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನೆಲ್ಲ ಕಾರ್ಬನ್ ಡೈಆಕ್ಸೈಡ್‌ನ ತೂಕಕ್ಕೆ ಸಮ ಮಾಡಿ ಹಾಕುವ ಲೆಕ್ಕ. 2019ರಲ್ಲಿ ಅದರ ಒಟ್ಟು ಕಾರ್ಬನ್ ಸುಮಾರು 2.5 ಕೋಟಿ ಟನ್. ಕರೆಂಟು, ಗ್ಯಾಸು, ಆಂಬ್ಯುಲೆನ್ಸು, ಅರಿವಳಿಕೆ ಅನಿಲ, ಎಲ್ಲ ಸೇರಿ ಆರೈಕೆಯಿಂದ ನೇರವಾಗಿ ಬರುವುದು ಅದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಶೇ 62ರಷ್ಟು ಬರುವುದು ಕೊಂಡು ತರುವ ಸಾಮಾನಿನಿಂದ. ಔಷಧಿ, ಗ್ಲೌಸ್, ಸಿರಿಂಜ್, ಯಂತ್ರ, ಊಟ, ಎಲ್ಲ ಇದರೊಳಗೆ ಬಂತು. ಔಷಧಿಗಳದ್ದೇ ಒಟ್ಟಿನಲ್ಲಿ ಕಾಲು ಭಾಗ. ಅಂದರೆ ನಿಮ್ಮ ಹೋಮ್‌ನಲ್ಲಿ ಕಾರಿಡಾರ್ ಲೈಟಿಗಿಂತ ಮೆಡಿಸಿನ್ ಟ್ರಾಲಿಯ ಕಡೆ ಜಾಸ್ತಿ ಗಮನ ಕೊಡಬೇಕು. ಲೈಟು ಕಣ್ಣಿಗೆ ಕಾಣುತ್ತದೆ, ಟ್ರಾಲಿಯ ಕಾರ್ಬನ್ ಕಾಣುವುದಿಲ್ಲ. ಸಂಶೋಧನೆಯ ಮೊದಲ ಕೆಲಸವೇ ಇದು: ಕಾಣದ್ದನ್ನು ಅಳೆಯುವುದು.

ನಾನು ಅರಿವಳಿಕೆ ವಿಭಾಗದವನು. ಹಾಗಾಗಿ ನಮ್ಮ ಆಪರೇಷನ್ ಥಿಯೇಟರ್ ಕತೆಯಿಂದಲೇ ಶುರು ಮಾಡುತ್ತೇನೆ. ಕೇರ್ ಹೋಮ್‌ಗೆ ಆಮೇಲೆ ಬರೋಣ.

ನೈಟ್ರಸ್ ಆಕ್ಸೈಡ್ ಗೊತ್ತಲ್ಲ, ಜನ ‘ನಗಿಸುವ ಅನಿಲ’ ಅನ್ನುತ್ತಾರೆ. ನೂರಾ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ವೈದ್ಯರ ಕೈಯಲ್ಲಿದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಒಮ್ಮೆ ಗಾಳಿಗೆ ಸೇರಿದರೆ ನೂರು ವರ್ಷದ ಮೇಲೂ ಇರುತ್ತದೆ, ಓಝೋನ್ ಪದರಕ್ಕೂ ಕೇಡು. ಈಗಿನ ಅರಿವಳಿಕೆ ವೈದ್ಯರು ಇದನ್ನು ಬಹಳ ಕಡಿಮೆ ಬಳಸುತ್ತಾರೆ. ಹಾಗಾದರೆ ಆಸ್ಪತ್ರೆಗಳು ಕೊಳ್ಳುವ ಪ್ರಮಾಣವೂ ಇಳಿಯಬೇಕು, ಅಲ್ವಾ? ಇಳಿದಿರಲಿಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ಸುತ್ತಲಿನ ಎನ್‌ಎಚ್‌ಎಸ್ ಲೋದಿಯನ್‌ನಲ್ಲಿ ಆಲಿಫಿಯಾ ಚಕೇರಾ ಅನ್ನುವ ಫಾರ್ಮಸಿಸ್ಟ್ ಒಂದು ಸರಳ ಪ್ರಶ್ನೆ ಇಟ್ಟುಕೊಂಡು ಲೆಕ್ಕ ನೋಡಿದರು. ಆಸ್ಪತ್ರೆ ಎಷ್ಟು ಅನಿಲ ಕೊಂಡಿದೆ, ರೋಗಿಗಳಿಗೆ ನಿಜವಾಗಿ ಎಷ್ಟು ಹೋಗಿದೆ? ಎರಡೂ ಹೊಂದಲೇ ಇಲ್ಲ. ಕೊಂಡದ್ದರ ಬಹುಪಾಲು ರೋಗಿಯ ಮೂಗಿನ ತನಕ ತಲುಪುತ್ತಲೇ ಇರಲಿಲ್ಲ. ಆಸ್ಪತ್ರೆಯ ಹಿಂಭಾಗದ ಸಿಲಿಂಡರ್ ಕೋಣೆಯಿಂದ ಗೋಡೆಯೊಳಗಿನ ಹಳೆಯ ಪೈಪುಗಳಲ್ಲಿ ಅನಿಲ ಥಿಯೇಟರ್‌ಗೆ ಬರುತ್ತಿತ್ತು. ದಾರಿಯಲ್ಲೇ ಸೋರಿಹೋಗುತ್ತಿತ್ತು. ಬಳಸದೆ ಅವಧಿ ಮುಗಿದ ಸಿಲಿಂಡರ್‌ಗಳು ಬೇರೆ. ವೈದ್ಯರು ನೈಟ್ರಸ್ ಮುಟ್ಟದೇ ಇದ್ದ ದಿನವೂ ಸೋರಿಕೆ ನಿಲ್ಲುತ್ತಿರಲಿಲ್ಲ. ಪರಿಹಾರಕ್ಕೆ ಹೊಸ ಯಂತ್ರ ಏನೂ ಬೇಕಾಗಲಿಲ್ಲ. ಪೈಪ್‌ಲೈನ್ ಮುಚ್ಚುವುದು, ಬೇಕಾದ ಕಡೆ ಸಣ್ಣ ಸಿಲಿಂಡರ್ ಇಡುವುದು, ಮುಗಿಯಿತು. ಆಮೇಲೆ ಬ್ರಿಟನ್ನಿನ ಬೇರೆ ಕಡೆ, ಐರ್ಲೆಂಡ್, ಆಸ್ಟ್ರೇಲಿಯಾದ ಆಸ್ಪತ್ರೆಗಳೂ ತಮ್ಮ ಲೆಕ್ಕ ತೆಗೆದು ನೋಡಿದವು. ಅಲ್ಲೂ ಇದೇ ಕತೆ.

ಈ ಕತೆ ನನಗೆ ಯಾಕೆ ಇಷ್ಟ ಅಂದರೆ, ಇದರಲ್ಲಿ ಯಾವ ರೋಗಿಯೂ ಏನನ್ನೂ ಬಿಟ್ಟುಕೊಡಲಿಲ್ಲ. ಕೊಳ್ಳುವ ರಿಜಿಸ್ಟರ್ ಮತ್ತು ಬಳಸುವ ರಿಜಿಸ್ಟರ್ ಎರಡನ್ನೂ ಒಂದೇ ಮೇಜಿನ ಮೇಲೆ ಯಾರೂ ಇಟ್ಟಿರಲಿಲ್ಲ, ಅಷ್ಟೇ. ಹೆರಿಗೆ ನೋವಿಗೆ ಕೊಡುವ ‘ಗ್ಯಾಸ್ ಅಂಡ್ ಏರ್’ ಕೂಡ ಆಕ್ಸಿಜನ್ ಬೆರೆಸಿದ ನೈಟ್ರಸ್ಸೇ, ಆದರೆ ಅದರ ವಿಷಯ ಬೇರೆ. ಅದು ತಾಯಂದಿರಿಗೆ ಬೇಕು, ಅದನ್ನು ಕಿತ್ತುಕೊಳ್ಳುವ ಮಾತು ಯಾರೂ ಆಡಬಾರದು.

ಡೆಸ್‌ಫ್ಲುರೇನ್ ಅನ್ನುವ ಇನ್ನೊಂದು ಅರಿವಳಿಕೆ ಔಷಧಿಯ ಕತೆ ಇನ್ನೂ ಖಡಕ್. ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಜೋರು. ಇದರ ಬದಲು ಬಳಸಬಹುದಾದ ಸೆವೊಫ್ಲುರೇನ್ ಇದರ ಹತ್ತರಲ್ಲಿ ಒಂದು ಭಾಗದಷ್ಟೂ ಇಲ್ಲ. ಹೆಚ್ಚಿನ ರೋಗಿಗಳಿಗೆ ಸೆವೊಫ್ಲುರೇನ್ ಸಾಕಾಗುತ್ತದೆ. ಸ್ಕಾಟ್ಲೆಂಡ್ 2023ರಲ್ಲಿ ಡೆಸ್‌ಫ್ಲುರೇನ್ ನಿಲ್ಲಿಸಿತು, ಇಂಗ್ಲೆಂಡ್ 2024ರಲ್ಲಿ. ಐರೋಪ್ಯ ಒಕ್ಕೂಟ 2026ರ ಜನವರಿಯಿಂದ, ಬೇರೆ ದಾರಿಯೇ ಇಲ್ಲದ ರೋಗಿಗಳಿಗೆ ಮಾತ್ರ ಅಂತ ನಿಯಮ ಮಾಡಿದೆ. ನಮ್ಮವರಲ್ಲೇ ಇದಕ್ಕೆ ತಕರಾರು ಮಾಡುವವರಿದ್ದಾರೆ. ಈ ಅನಿಲ ಗಾಳಿಯಲ್ಲಿ ಹದಿನಾಲ್ಕು ವರ್ಷ ಮಾತ್ರ ಇರುತ್ತದೆ, ಒಟ್ಟು ಬಿಸಿಯಲ್ಲಿ ಇದರ ಪಾಲು ಸಾಸಿವೆಯಷ್ಟು ಅನ್ನುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ರೋಗಿಗೆ ನಷ್ಟ ಇಲ್ಲದೆ, ದುಡ್ಡೂ ಉಳಿಸಿ ಬಿಡಬಹುದಾದ ಒಂದನ್ನು ಹಿಡಿದುಕೊಂಡು ಕೂರುವುದಕ್ಕೆ ಇದು ಕಾರಣವಲ್ಲ ಅಂತ ನನ್ನ ಅಭಿಪ್ರಾಯ.

ಈಗ ನೀವು ಹೆದರುವ ವಿಷಯಕ್ಕೆ ಬರೋಣ: ಕಡಿಮೆ ಬಳಸಿದರೆ ರೋಗಿಗೆ ತೊಂದರೆ ಆಗಲ್ವಾ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಲಂಡನ್‌ನಲ್ಲಿ ಅಲ್ಲ, ನಮ್ಮ ಪಕ್ಕದ ತಮಿಳುನಾಡಿನಲ್ಲಿ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಕಣ್ಣಿನ ಪೊರೆಯ ಒಂದು ಆಪರೇಷನ್‌ಗೆ ಎಷ್ಟು ಕಾರ್ಬನ್ ಅಂತ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಸುಮಾರು 182 ಕಿಲೋ. ಅರ್ಧಕ್ಕಿಂತ ಜಾಸ್ತಿ ಕೊಂಡ ಸಾಮಾನಿನದ್ದು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಮಧುರೈಯಲ್ಲಿ ಶುರು ಮಾಡಿದ ಅರವಿಂದ್ ಕಣ್ಣಿನ ಆಸ್ಪತ್ರೆಯಲ್ಲಿ ಅದೇ ಆಪರೇಷನ್‌ಗೆ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದಾಗ ಬಂದದ್ದು ಸುಮಾರು 6 ಕಿಲೋ. ಅದನ್ನು ಪ್ರಕಟಿಸಿದ್ದು 2017ರಲ್ಲಿ. ಲೆಕ್ಕದ ವಿಧಾನದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇದೆ, ಊರುಗಳ ಹವೆಯೂ ಬೇರೆ. ಎಷ್ಟೇ ಸರಿದೂಗಿಸಿದರೂ ಅಂತರ ಮಾತ್ರ ಭಾರೀ.

ಅರವಿಂದ್‌ನಲ್ಲಿ ಮಾಡುವುದು ಏನು? ಬಟ್ಟೆಯ ಗೌನ್ ಒಗೆದು, ಸ್ಟೆರಿಲೈಸ್ ಮಾಡಿ ಮತ್ತೆ ಬಳಸುತ್ತಾರೆ. ಉಪಕರಣಗಳೂ ಹಾಗೆಯೇ. ಬ್ರಿಟನ್ನಿನಲ್ಲಿ ಒಬ್ಬರಿಗೆ ಎರಡು ಹನಿ ಹಾಕಿ ಬಿಸಾಡುವ ಕಣ್ಣಿನ ಔಷಧಿಯ ಬಾಟಲಿಯನ್ನು ಅಲ್ಲಿ ಹಲವರಿಗೆ ಬಳಸುತ್ತಾರೆ. ಒಂದೇ ಥಿಯೇಟರ್‌ನಲ್ಲಿ ಪಕ್ಕಪಕ್ಕದ ಟೇಬಲ್‌ಗಳು. ಒಬ್ಬರ ಆಪರೇಷನ್ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಸಿದ್ಧ. ಒಂದು ಆಪರೇಷನ್‌ಗೆ ಬೀಳುವ ಕಸ ಕಾಲು ಕಿಲೋ ಆಸುಪಾಸು. ‘ಅಯ್ಯೋ, ಸೋಂಕು ಆಗಲ್ವಾ’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅರವಿಂದ್‌ನವರು ಆರು ಲಕ್ಷಕ್ಕೂ ಹೆಚ್ಚು ಕಣ್ಣುಗಳ ದಾಖಲೆ ತೆಗೆದು ತೋರಿಸಿದ್ದಾರೆ. ಆಪರೇಷನ್ ಕೊನೆಗೆ ಕಣ್ಣಿನೊಳಗೆ ಒಂದು ಆಂಟಿಬಯಾಟಿಕ್ ಹಾಕಲು ಶುರು ಮಾಡಿದ ಮೇಲೆ ಒಳಸೋಂಕು ಶೇ 0.07ರಿಂದ 0.02ಕ್ಕೆ ಇಳಿದಿದೆ. ಅಂದರೆ ಹತ್ತು ಸಾವಿರ ಕಣ್ಣಿಗೆ ಎರಡು. ಇಷ್ಟು ದಾಖಲೆ ಇಲ್ಲದಿದ್ದರೆ ಅರವಿಂದ್ ಪದ್ಧತಿಯನ್ನು ‘ಬಡ ದೇಶದ ಉಪಾಯ’ ಅಂತ ತಳ್ಳಿಹಾಕಿಬಿಡುತ್ತಿದ್ದರು. ದಾಖಲೆ ಇದ್ದದ್ದರಿಂದ ಇಂದು ಜಗತ್ತಿನ ಕಣ್ಣಿನ ಡಾಕ್ಟರುಗಳು, ನಾವು ಬಿಸಾಡುತ್ತಿರುವುದರಲ್ಲಿ ಎಷ್ಟು ನಿಜಕ್ಕೂ ಸುರಕ್ಷತೆಗೆ, ಎಷ್ಟು ಸುಮ್ನೆ ಅಭ್ಯಾಸಕ್ಕೆ ಅಂತ ತಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

ಬ್ರಿಟನ್ನಿನ ಬ್ರೈಟನ್‌ನಲ್ಲಿ ಶಾಂಟೆಲ್ ರಿಜಾನ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿದರು. ಹರ್ನಿಯಾ, ಟಾನ್ಸಿಲ್, ಮೊಣಕಾಲು ಬದಲಿಯಂಥ ಐದು ಸಾಮಾನ್ಯ ಆಪರೇಷನ್‌ಗಳಲ್ಲಿ ಬಳಸುವ ಒಂದೊಂದೇ ವಸ್ತುವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಒಟ್ಟು 202 ಬಗೆಯ ವಸ್ತುಗಳಲ್ಲಿ ಬರೀ 23ರಿಂದಲೇ ಶೇ 80ಕ್ಕೂ ಹೆಚ್ಚು ಕಾರ್ಬನ್. ಒಮ್ಮೆ ಬಳಸಿ ಎಸೆಯುವ ಗೌನ್, ಹೊದಿಕೆಗಳಂಥವು ಅದರಲ್ಲಿ ಮುಂದೆ. ಕೆಲಸ ಮಾಡುವವರಿಗೆ ಇಂಥ ಅಂಕಿ ಬೇಕು. ಇನ್ನೂರು ಕಡೆ ಓಡಾಡಿ ಸುಸ್ತಾಗುವುದರ ಬದಲು ಇಪ್ಪತ್ತಮೂರು ಕಡೆ ನೋಡಿದರೆ ಆಯಿತು.

ಸರಿ, ಕೇರ್ ಹೋಮ್‌ಗೆ ಬರೋಣ. ಇಲ್ಲಿ ಒಂದು ನಿಜ ಹೇಳಬೇಕು. ಎನ್‌ಎಚ್‌ಎಸ್‌ಗೆ ಒಂದು ದೊಡ್ಡ ಲೆಕ್ಕದ ಪುಸ್ತಕ ಇದೆ. 2040ರ ಒಳಗೆ ತನ್ನ ನೇರ ಹೊಗೆಯನ್ನು, 2045ರ ಒಳಗೆ ಕೊಂಡ ಸಾಮಾನಿನದ್ದನ್ನೂ ಸೊನ್ನೆಗೆ ತರುವ ಗುರಿ ಇದೆ, 2022ರ ಕಾನೂನಿನ ಬೆಂಬಲವೂ ಇದೆ. ಕೇರ್ ಹೋಮ್, ಮನೆ ಆರೈಕೆ ನಡೆಸುವವರು ಇಂಗ್ಲೆಂಡಿನಲ್ಲಿ ಸುಮಾರು 18,000 ಸಂಸ್ಥೆಗಳು. ಹೆಚ್ಚಿನವು ಖಾಸಗಿ, ಎಷ್ಟೋ ತುಂಬಾ ಸಣ್ಣವು. ಎಲ್ಲರಿಗೂ ಸೇರಿ ಒಂದು ಪುಸ್ತಕ ಇಲ್ಲ. ಹಾಗಾಗಿ ಆಸ್ಪತ್ರೆಯ ಬಗ್ಗೆ ನಡೆದಷ್ಟು ಸಂಶೋಧನೆ ಇಲ್ಲಿ ನಡೆದಿಲ್ಲ. ನಿಮ್ಮ ಹೋಮ್‌ನಂಥ ಕಡೆ ಬಂದು ಕೇಳುತ್ತಿರುವುದು ಅದಕ್ಕೇ.

ಕೇರ್ ಹೋಮ್‌ನಲ್ಲಿ ಎಲ್ಲಿಂದ ಶುರು ಮಾಡಬೇಕು ಅಂತ ನನ್ನನ್ನು ಕೇಳಿದರೆ, ನೀರಿನ ಲೋಟದಿಂದ ಅನ್ನುತ್ತೇನೆ. ತಮಾಷೆ ಮಾಡುತ್ತಿಲ್ಲ. ಬರ್ಕ್‌ಶೈರ್‌ನ ಕೆಲವು ಕೇರ್ ಹೋಮ್‌ಗಳಲ್ಲಿ ದಿನಕ್ಕೆ ಏಳು ಸಲ ಕ್ರಮವಾಗಿ ಟ್ರಾಲಿ ತಳ್ಳಿಕೊಂಡು ಹೋಗಿ ಎಲ್ಲರಿಗೂ ಕುಡಿಯಲು ಕೊಡುವ ಪದ್ಧತಿ ತಂದರು. ಯೂರಿನ್ ಇನ್ಫೆಕ್ಷನ್ ಆಗಿ ಆಸ್ಪತ್ರೆಗೆ ಹೋಗುವವರ ಸಂಖ್ಯೆ ಮೂರನೇ ಒಂದು ಭಾಗದಷ್ಟು ಇಳಿಯಿತು. ಆಂಟಿಬಯಾಟಿಕ್ ಕೂಡ ಕಡಿಮೆಯಾಯಿತು. ಒಬ್ಬ ಅಜ್ಜಿ ಆಸ್ಪತ್ರೆ ಸೇರಿದರೆ ಎಷ್ಟೆಲ್ಲ ಆಗುತ್ತದೆ ಯೋಚಿಸಿ. ಆಂಬ್ಯುಲೆನ್ಸ್, ಡ್ರಿಪ್, ರಕ್ತ ಪರೀಕ್ಷೆ, ಒಂದೊಂದು ಹಾಸಿಗೆ ದಿನಕ್ಕೆ ಹತ್ತಾರು ಕಿಲೋ ಕಾರ್ಬನ್. ಅಜ್ಜಿಗೂ ಗೊಂದಲ, ನಡಿಗೆ ಹೋಗುತ್ತದೆ, ಬೆನ್ನು ಹುಣ್ಣಾಗುತ್ತದೆ. ತಪ್ಪಿಸಿದ ಒಂದು ಆಸ್ಪತ್ರೆ ವಾಸ ಎಷ್ಟೋ ತಿಂಗಳು ಆರಿಸಿದ ಲೈಟಿಗಿಂತ ದೊಡ್ಡದು. ಇದು ಕಾರ್ಬನ್ ಯೋಜನೆ ಅಂತ ಶುರುವಾದದ್ದೇ ಅಲ್ಲ, ಒಳ್ಳೆಯ ಆರೈಕೆ ಅಂತ ಶುರುವಾದದ್ದು.

ಅದೇ ದಾರಿಯ ಇನ್ನೊಂದು ಕೆಲಸ ಡಿಪ್‌ಸ್ಟಿಕ್‌ನದ್ದು, ಅಂದರೆ ಮೂತ್ರ ಪರೀಕ್ಷೆಯ ಬಣ್ಣದ ಪಟ್ಟಿಯದ್ದು. ಅಜ್ಜ ಸ್ವಲ್ಪ ಮಂಕಾಗಿದ್ದರೆ ಮೂತ್ರಕ್ಕೆ ಡಿಪ್‌ಸ್ಟಿಕ್ ಅದ್ದುವುದು, ಬಣ್ಣ ಬದಲಾದರೆ ಜಿಪಿಗೆ (ಅಂದರೆ ಕುಟುಂಬ ವೈದ್ಯರಿಗೆ) ಫೋನ್, ಸಂಜೆಗೆ ಆಂಟಿಬಯಾಟಿಕ್. ಎಷ್ಟೋ ಹೋಮ್‌ಗಳಲ್ಲಿ ಇದೇ ವಾಡಿಕೆ. ಆದರೆ 65 ದಾಟಿದವರ ಮೂತ್ರದಲ್ಲಿ ಯಾವ ಕಾಯಿಲೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುವುದು ಮಾಮೂಲಿ. ಕ್ಯಾಥೆಟರ್ (ಮೂತ್ರದ ನಳಿಕೆ) ಇದ್ದವರಲ್ಲಂತೂ ಇದ್ದೇ ಇರುತ್ತದೆ. ಹಾಗಾಗಿ ಡಿಪ್‌ಸ್ಟಿಕ್ ಬಿಟ್ಟು ಜ್ವರ, ನೋವು, ಉರಿ ಮುಂತಾದ ಲಕ್ಷಣ ನೋಡಿ ಅನ್ನುವ ಪದ್ಧತಿ ಬಾತ್ ಕಡೆಯ ಕೇರ್ ಹೋಮ್‌ಗಳಿಂದ ಶುರುವಾಗಿ ಹರಡಿತು. ಬೇಡದ ಪರೀಕ್ಷೆ ನಿಂತರೆ ಬೇಡದ ಔಷಧಿ ನಿಲ್ಲುತ್ತದೆ. ಆ ಔಷಧಿಯಿಂದ ಬರುವ ಭೇದಿ ತಪ್ಪುತ್ತದೆ, ಅದಕ್ಕೆ ಬೇಕಾಗುವ ಪ್ಯಾಡೂ ಉಳಿತಾಯವಾಗುತ್ತದೆ.

ಔಷಧಿ ಅಂದೆ ನೋಡಿ. ಇಂಗ್ಲೆಂಡ್ ಸರ್ಕಾರದ 2021ರ ಒಂದು ಪರಿಶೀಲನೆ ಹೇಳಿದ್ದೇನೆಂದರೆ, ಜಿಪಿಗಳ ಮೂಲಕ ಹೋಗುವ ಔಷಧಿಗಳಲ್ಲಿ ಕನಿಷ್ಠ ಶೇ 10ರಷ್ಟು ಆ ರೋಗಿಗೆ ಬೇಕಾಗೇ ಇಲ್ಲ. ನಿಮ್ಮ ಬೆಳಗಿನ ಮೆಡಿಸಿನ್ ರೌಂಡ್ ನೆನೆಸಿಕೊಳ್ಳಿ. ಒಬ್ಬೊಬ್ಬರಿಗೆ ಎಂಟು, ಹತ್ತು ಮಾತ್ರೆ. ಯಾವತ್ತೋ ಯಾರೋ ಶುರು ಮಾಡಿದ್ದು, ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ಇದಕ್ಕೆ ಒಂದು ದೊಡ್ಡ ಪ್ರಯೋಗವೇ ನಡೆಯಿತು. ಔಷಧಿ ಬರೆಯುವ ಅಧಿಕಾರ ಇರುವ ಫಾರ್ಮಸಿಸ್ಟ್‌ಗಳನ್ನು ಕೇರ್ ಹೋಮ್‌ಗಳಿಗೆ ಜೋಡಿಸಿ, ನಿವಾಸಿಗಳ ಮಾತ್ರೆಗಳನ್ನು ಅವರು ನೋಡಿಕೊಂಡರೆ ಏನಾಗುತ್ತದೆ ಅಂತ. ಫಲಿತಾಂಶ 2023ರಲ್ಲಿ ಬಂತು. ಬೀಳುವುದು ಕಡಿಮೆಯಾಗಬಹುದು ಅಂತ ಆಸೆ ಇತ್ತು, ಆಗಲಿಲ್ಲ. ಆದರೆ ಮಂಪರು ತರುವಂಥ ಔಷಧಿಗಳ ಹೊರೆ ಇಳಿಯಿತು, ಯಾರಿಗೂ ಅದರಿಂದ ಕೇಡಾಗಲಿಲ್ಲ. ಅದು ಕಾರ್ಬನ್‌ಗೆ ಅಂತ ಮಾಡಿದ ಅಧ್ಯಯನ ಅಲ್ಲ. ಆದರೂ ನಿಮಗೆ ಉತ್ತರ ಅದರೊಳಗೇ ಇದೆ. ಕಡಿಮೆ ಮಾಡಿದ್ದು ಅಳತೆ ಇಟ್ಟುಕೊಂಡು, ಕಣ್ಣಿಟ್ಟುಕೊಂಡು. ನಿರೀಕ್ಷೆ ಸುಳ್ಳಾದದ್ದನ್ನೂ ಮುಚ್ಚಿಡದೆ ಬರೆದರು. ಆರೈಕೆಗೆ ಕತ್ತರಿ ಹಾಕುವವರು ಹೀಗೆ ಮಾಡುವುದಿಲ್ಲ.

ಇನ್ಹೇಲರ್ ಬಗ್ಗೆ ನಿಮ್ಮ ಹೋಮ್‌ನಲ್ಲೂ ಮಾತು ಬಂದೇ ಬರುತ್ತದೆ. ಒತ್ತಿದರೆ ಪುಸ್ ಅನ್ನುವ ಇನ್ಹೇಲರ್‌ನಲ್ಲಿ ಔಷಧಿಯನ್ನು ಹೊರಗೆ ತಳ್ಳಲು ಒಂದು ಅನಿಲ ಇರುತ್ತದೆ, ಅದು ಭೂಮಿಯನ್ನು ಬಿಸಿ ಮಾಡುವ ಅನಿಲವೇ. ಎನ್‌ಎಚ್‌ಎಸ್ ಕಾರ್ಬನ್‌ನಲ್ಲಿ ಸುಮಾರು ಶೇ 3 ಇನ್ಹೇಲರ್‌ಗಳದ್ದು. ಉಸಿರು ಬಿಡಿಸುವ ಔಷಧಿ ಒಂದೇ, ಸಾಲ್ಬುಟಮಾಲ್, ಆದರೆ ಒಂದು ಬ್ರಾಂಡಿನ ಡಬ್ಬಿ ಸುಮಾರು 28 ಕಿಲೋ, ಇನ್ನೊಂದು ಬ್ರಾಂಡಿನದ್ದು ಅದರ ಅರ್ಧಕ್ಕಿಂತ ಕಡಿಮೆ. ಒಳಗೆ ತುಂಬುವ ಅನಿಲದ ಪ್ರಮಾಣ ಬೇರೆ ಬೇರೆ, ಅದಕ್ಕೇ ಈ ಅಂತರ. ಪುಡಿಯನ್ನು ಉಸಿರಲ್ಲಿ ಎಳೆದುಕೊಳ್ಳುವ ಬಗೆಯದ್ದು ಒಂದು ಕಿಲೋ ಆಸುಪಾಸು. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ ಅಸ್ತಮಾ ಇರುವ ಸಾವಿರಾರು ಜನರ ಮೇಲೆ ನಡೆದ ಪ್ರಯೋಗವನ್ನು ಮತ್ತೆ ಲೆಕ್ಕ ಹಾಕಿದಾಗ, ಪುಡಿ ಇನ್ಹೇಲರ್‌ಗೆ ಬದಲಾದವರ ಕಾರ್ಬನ್ ಅರ್ಧಕ್ಕೆ ಇಳಿದಿತ್ತು, ಅಸ್ತಮಾ ಹತೋಟಿ ಕೆಟ್ಟಿರಲಿಲ್ಲ. ಆ ಪ್ರಯೋಗಕ್ಕೆ ದುಡ್ಡು ಕೊಟ್ಟಿದ್ದು ಅದೇ ಪುಡಿ ಇನ್ಹೇಲರ್ ಮಾಡುವ ಕಂಪನಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ನಿಮ್ಮ ಹೋಮ್‌ನಲ್ಲಿ ಒಂದು ಎಚ್ಚರಿಕೆ. ಪುಡಿ ಎಳೆಯಲು ಜೋರಾಗಿ ಉಸಿರು ಎಳೆಯಬೇಕು, ಹೇಳಿದ್ದು ಅರ್ಥವಾಗಬೇಕು. ಮರೆವಿನ ಕಾಯಿಲೆ ಇರುವವರಿಗೆ, ತೀರಾ ಸುಸ್ತಾದವರಿಗೆ ಆಗುವುದಿಲ್ಲ. ಅವರಿಗೆ ಸ್ಪೇಸರ್ (ಔಷಧಿ ತುಂಬಿ ನಿಧಾನಕ್ಕೆ ಎಳೆದುಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಹಾಕಿ ಒತ್ತುವ ಇನ್ಹೇಲರ್ ಇರಲಿ. ಯಾರಾದರೂ ಬರೀ ಒಂದು ಪತ್ರ ಕಳಿಸಿ ಎಲ್ಲರದ್ದೂ ಬದಲಾಯಿಸಿ ಅಂದರೆ, ಒಪ್ಪಬೇಡಿ.

ಗ್ಲೌಸ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಸೋಂಕು ನಿಯಂತ್ರಣದ ನರ್ಸುಗಳು, ಗ್ಲೌಸ್ ಬೇಡದ ಕಡೆ ತೆಗೆದುಬಿಡಿ ಅಂತ ಕಲಿಸಿದರು. ವರ್ಷಕ್ಕೆ 37 ಲಕ್ಷ ಗ್ಲೌಸ್ ಕಡಿಮೆ ಕೊಂಡರು, 21 ಟನ್ ಪ್ಲಾಸ್ಟಿಕ್ ಉಳಿಯಿತು. ಗ್ಲೌಸ್ ಹಾಕಿಕೊಂಡವರು ಕೈ ತೊಳೆಯುವುದನ್ನು ಮರೆಯುತ್ತಾರೆ. ಹಾಗಾಗಿ ಇದು ಸೋಂಕಿನ ಕಡೆಯಿಂದಲೂ ಒಳ್ಳೆಯದೇ. ರಕ್ತ, ಮಲ, ಮೂತ್ರ ಮುಟ್ಟುವಾಗ ಬೇಕೇ ಬೇಕು. ಅಜ್ಜಿಗೆ ಊಟ ತಿನ್ನಿಸಲು, ಕಾರ್ಡಿಗನ್ ಹಾಕಲು, ಕೈ ಹಿಡಿದು ನಡೆಸಲು ಬೇಡ.

ಹೀಟಿಂಗ್ ಬಗ್ಗೆ ನಿಮ್ಮ ಹೋಮ್‌ನವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಚಳಿಗಾಲದಲ್ಲಿ ಮನೆ ಕನಿಷ್ಠ 18 ಡಿಗ್ರಿ ಇರಲಿ ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ, ಓಡಾಡದೆ ಕೂತಿರುವ ಹಿರಿಯರಿಗೆ ಅದಕ್ಕಿಂತ ಜಾಸ್ತಿಯೇ ಬೇಕಾಗಬಹುದು. ತಗ್ಗಿಸಿ ಅನ್ನುವ ಮುಂಚೆ ಅಳೆಯಬೇಕು. ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಕೆಲವು ಕೇರ್ ಹೋಮ್‌ಗಳನ್ನು ನೋಡಿದಾಗ ಕಂಡದ್ದು ಬೇರೆಯೇ. ವಯಸ್ಸಾದವರಿಗೆ ಚಳಿ ಅನ್ನುವ ಒಂದೇ ಯೋಚನೆಯಲ್ಲಿ ಕಟ್ಟಡ ಕಟ್ಟಿದ್ದಾರೆ, ಬೇಸಿಗೆಯಲ್ಲೂ ಹೀಟಿಂಗ್ ಓಡುತ್ತಿದೆ, ಅದನ್ನು ನಿಲ್ಲಿಸುವುದು ಹೇಗೆ ಅಂತ ಕೆಲಸದವರಿಗೆ ಗೊತ್ತಿಲ್ಲ. ಜನವರಿಯಲ್ಲಿ ತಗ್ಗಿಸುವ ಬದಲು ಜೂನ್‌ನಲ್ಲಿ ನಿಲ್ಲಿಸಿದರೆ ಅಜ್ಜನಿಗೂ ಹಿತ, ಬಿಲ್ಲಿಗೂ ಹಿತ. ಆ ಬಾಯ್ಲರ್ ಕಂಟ್ರೋಲ್ ನಿಮ್ಮಲ್ಲಿ ಯಾರ ಕೈಲಿದೆ ಅಂತ ಒಮ್ಮೆ ವಿಚಾರಿಸಿ ನೋಡಿ.

ನಿಮ್ಮ ತಮ್ಮನ ವಿಷಯ. ಅಲ್ಲಿಯ ಪರಿಸ್ಥಿತಿ ಬೇರೆ. 2019ರ ಒಂದು ಜಾಗತಿಕ ಲೆಕ್ಕದಲ್ಲಿ ಭಾರತದ ಆರೋಗ್ಯ ಸೇವೆಯ ಒಟ್ಟು ಕಾರ್ಬನ್ ಜಗತ್ತಿನಲ್ಲಿ ಏಳನೆಯದು. ಆದರೆ ತಲೆಗೆ ಎಷ್ಟು ಅಂತ ನೋಡಿದರೆ, ವಿವರವಾಗಿ ನೋಡಿದ ದೇಶಗಳಲ್ಲೇ ಅತಿ ಕಡಿಮೆ. ಅದರಲ್ಲಿ ಹೆಮ್ಮೆ ಪಡುವುದು ಪೂರ್ತಿ ಸರಿಯಲ್ಲ, ಯಾಕೆಂದರೆ ಎಷ್ಟೋ ಜನಕ್ಕೆ ಚಿಕಿತ್ಸೆಯೇ ಸಿಗುವುದಿಲ್ಲ. ಅಲ್ಲಿ ಸೇವೆ ಇನ್ನೂ ಬೆಳೆಯಬೇಕು. ಬೆಳೆಯುವಾಗ ಇಲ್ಲಿನವರು ಮಾಡಿದ ದುಂದನ್ನು ಮಾಡದಿದ್ದರೆ ಸಾಕು. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸಿಸೇರಿಯನ್, ಹರ್ನಿಯಾ ಎಲ್ಲ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಆಗಿಬಿಡುತ್ತವೆ, ಅರಿವಳಿಕೆ ಅನಿಲ ಬೇಕಾಗುವುದಿಲ್ಲ. ಡೆಸ್‌ಫ್ಲುರೇನ್ ದುಬಾರಿ ಅಂತ ತರಿಸುವುದೇ ಅಪರೂಪ. ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ರೋಟಾಹೇಲರ್ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದೆ. ಇವೆಲ್ಲ ಬಡತನದಿಂದ ಬಂದ ಲಾಭ, ದುಡ್ಡು ಬಂದಮೇಲೆ ಕಳೆದುಕೊಳ್ಳಬಾರದು.

ನಮ್ಮ ಕಡೆಯ ದುಂದು ಬೇರೆ ಕಡೆ ಇದೆ. ‘ಒಂದು ಡ್ರಿಪ್ ಹಾಕಿಬಿಡಿ ಡಾಕ್ಟ್ರೇ, ಬೇಗ ಹುಷಾರಾಗ್ತೀನಿ.’ ಜ್ವರಕ್ಕೆ ಬಂದವರು ಬಾಟಲಿ ನೇತುಹಾಕಿಸಿಕೊಳ್ಳದೆ ಹೋದರೆ ಡಾಕ್ಟರಿಗೇ ಏನೂ ಬರಲ್ಲ ಅಂತ ಮಾತಾಡುತ್ತಾರೆ. ಒಂದು ಗ್ರಾಂ ಪ್ಯಾರಸಿಟಮಾಲ್ ಅನ್ನು ಮಾತ್ರೆಯಾಗಿ ನುಂಗಿದರೆ ಕಾರ್ಬನ್ ಸುಮಾರು 38 ಗ್ರಾಂ. ಅದೇ ಒಂದು ಗ್ರಾಂ ನರಕ್ಕೆ ಕೊಟ್ಟರೆ 300ರಿಂದ 600 ಗ್ರಾಂ ದಾಟುತ್ತದೆ ಅಂತ ಈಚೆಗೆ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ಬಾಟಲಿ, ಟ್ಯೂಬು, ಸೂಜಿ, ಎಲ್ಲ ಅದರೊಳಗೆ. ನುಂಗಲು ಆಗುವವರಿಗೆ ಮಾತ್ರೆ ಅಷ್ಟೇ ಕೆಲಸ ಮಾಡುತ್ತದೆ. ನಿಮ್ಮ ತಮ್ಮ ಒಂದು ವಾರದ ಡ್ರಿಪ್ ರಿಜಿಸ್ಟರ್ ತೆಗೆದು, ಇವರಲ್ಲಿ ಬಾಯಿಂದ ತೆಗೆದುಕೊಳ್ಳಬಹುದಾಗಿದ್ದವರು ಎಷ್ಟು ಅಂತ ಗುರುತು ಹಾಕಲಿ. ಸಂಶೋಧನೆ ಅಂದರೆ ಅಷ್ಟರಿಂದಲೇ ಶುರು. ಜನರೇಟರ್ ಡೀಸೆಲ್‌ಗೆ ಬದಲು ಸೋಲಾರ್ ಬೇಕು ಅಂದರೆ, ಬೆಂಗಳೂರಿನ ಸೆಲ್ಕೋ ಫೌಂಡೇಶನ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಹಾಕಿದ ಅನುಭವ ನೋಡಬಹುದು.

ಇನ್ನು ನಿಮ್ಮ ಮ್ಯಾನೇಜರ್ ಹೇಳಿದ ಅಧ್ಯಯನ. ಇಂಗ್ಲೆಂಡಿನ ಆರೋಗ್ಯ ಮತ್ತು ಆರೈಕೆ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ, ಎನ್‌ಐಎಚ್‌ಆರ್, ಕೇರ್ ಹೋಮ್‌ಗಳನ್ನು ಸಂಶೋಧನೆಗೆ ಸೇರಿಸಲು ‘ಎನ್‌ರಿಚ್’ ಅಂತ ಒಂದು ವ್ಯವಸ್ಥೆ ಮಾಡಿಕೊಂಡಿದೆ. ನಿಮ್ಮ ಅಧ್ಯಯನ ಅದರ ಮೂಲಕ ಬಂದಿದೆಯಾ ಕೇಳಿ. ಸಂಶೋಧನೆಗೂ ಕಾರ್ಬನ್ ಖರ್ಚಾಗುತ್ತದೆ. ಓಡಾಟ, ಸ್ಯಾಂಪಲ್ ಕೊರಿಯರ್, ಫ್ರೀಜರ್. ಅವರು ತಿಂಗಳಿಗೊಮ್ಮೆ ಕಾರಿನಲ್ಲಿ ನೂರು ಮೈಲಿ ಬಂದು ಹೋಗುತ್ತಾರಾ, ವಿಡಿಯೋ ಕಾಲ್‌ನಲ್ಲಿ ಮುಗಿಸುತ್ತಾರಾ ಅಂತಲೂ ಕೇಳಬಹುದು. ಕಾರ್ಬನ್ ಅಧ್ಯಯನ ಮಾಡುವವರಿಗೆ ಈ ಪ್ರಶ್ನೆ ಕೇಳಿ ಬೇಜಾರಾದರೆ ಅದೇ ಒಂದು ಸೂಚನೆ.

ಮುಖ್ಯವಾಗಿ ಕಾಗದ ಓದಿ. ನಿವಾಸಿಗಳಿಗೆ ಏನಾಯಿತು ಅಂತ ಅಳೆಯುವ ಸಾಲು ಅದರಲ್ಲಿ ಎಲ್ಲಿದೆ? ಬೀಳುವುದು, ಸೋಂಕು, ಚರ್ಮ, ತೂಕ, ಆಸ್ಪತ್ರೆ ಸೇರುವುದು, ಯಾವುದಾದರೂ ಇರಲೇಬೇಕು. ಬರೀ ಕಾರ್ಬನ್ ಮತ್ತು ದುಡ್ಡು ಮಾತ್ರ ಇದ್ದರೆ ಮ್ಯಾನೇಜರ್‌ಗೆ ಸಂಕೋಚ ಇಲ್ಲದೆ ಹೇಳಿ. ಕೆಟ್ಟದಾದರೆ ನಡುವೆ ನಿಲ್ಲಿಸುವವರು ಯಾರು ಅನ್ನುವುದೂ ಬರೆದಿರಬೇಕು. ಮರೆವಿನ ಕಾಯಿಲೆ ಇರುವ ನಿವಾಸಿಗಳು ತಾವೇ ಒಪ್ಪಿಗೆ ಕೊಡಲು ಆಗದಿದ್ದರೆ, 2005ರ ಮೆಂಟಲ್ ಕೆಪಾಸಿಟಿ ಕಾನೂನಿನ ಪ್ರಕಾರ ಅವರ ಮನೆಯವರನ್ನೋ, ಅವರನ್ನು ಬಲ್ಲವರನ್ನೋ ಕೇಳಲೇಬೇಕು. ಅಷ್ಟಾದರೂ, ಅಜ್ಜಿ ಆ ದಿನ ಮುಖ ತಿರುಗಿಸಿದರೆ ಬಿಡಬೇಕು. ಅದನ್ನು ಎಲ್ಲರಿಗಿಂತ ಮೊದಲು ಗುರುತಿಸುವವರು ನೀವೇ.

ಕೊನೆಗೊಂದು, ನಿಮಗೋಸ್ಕರ. ಇಂಥ ಅಧ್ಯಯನಗಳಲ್ಲಿ ಪ್ಯಾಡ್ ಎಣಿಸುವವರು, ಚಾರ್ಟ್ ತುಂಬುವವರು, ಲೋಟ ಲೆಕ್ಕ ಬರೆಯುವವರು ಕೇರರ್‌ಗಳೇ. ಆ ಕೆಲಸಕ್ಕೆ ಶಿಫ್ಟ್‌ನಲ್ಲಿ ಸಮಯ ಕೊಡುತ್ತಾರಾ, ಇಲ್ಲ ಹ್ಯಾಂಡೋವರ್ ಮುಗಿದ ಮೇಲೆ ಪುಕ್ಕಟೆ ಕೂತು ಬರೆಯಬೇಕಾ? ಬದಲಿಗೆ ಇನ್ನೊಬ್ಬರನ್ನು ಹಾಕಲು ಅಧ್ಯಯನದ ಬಜೆಟ್‌ನಲ್ಲಿ ದುಡ್ಡಿದೆಯಾ? ಸಹಿ ಹಾಕುವ ಮುಂಚೆಯೇ ಕೇಳಿ. ಸುಸ್ತಾದವರು ರಾತ್ರಿ ಎಂಟೂವರೆಗೆ ತುಂಬಿದ ಚಾರ್ಟ್‌ನಿಂದ ಸರಿಯಾದ ಲೆಕ್ಕ ಯಾವತ್ತೂ ಬರುವುದಿಲ್ಲ ಅಂತ ಅವರಿಗೂ ಗೊತ್ತಿರುತ್ತದೆ.